ಯಾವ ‘ಆಯಿತು’? ಲೈನ್‌ಮ್ಯಾನ್‌ಗಳ ವಾಟ್ಸಾಪ್ ಗುಂಪು ನಡೆಸಿದ ನನ್ನ ಅನುಭವ

ಕನ್ನಡದಲ್ಲಿ ‘ಆಯಿತು’ ಎಂಬ ಮಾತಿಗೆ ಎರಡು ಅರ್ಥ. ಒಪ್ಪಿದೆ ಎನ್ನುವುದಕ್ಕೂ ಆಯಿತು, ಮುಗಿಸಿದೆ ಎನ್ನುವುದಕ್ಕೂ ಆಯಿತು. ಎದುರಿಗೆ ನಿಂತು ಮಾತನಾಡುವಾಗ ಇದರಿಂದ ಏನೂ ತೊಂದರೆಯಿಲ್ಲ. ಹೇಳುವವರ ಮುಖ, ದನಿಯ ಏರಿಳಿತ, ಹೆಗಲ ಮೇಲಿನ ಹಗ್ಗ ಎಲ್ಲವೂ ಸೇರಿ ಅರ್ಥವನ್ನು ಬಿಡಿಸಿಕೊಡುತ್ತವೆ. ಮೊಬೈಲ್ ಪರದೆಯ ಮೇಲೆ ಆ ಮೂರಕ್ಷರ ಒಂಟಿಯಾಗಿ ಬಂದು ಕೂತಾಗ ಬಿಡಿಸಿಕೊಡುವವರು ಯಾರೂ ಇರುವುದಿಲ್ಲ. 2019ರ ಆಗಸ್ಟ್ ತಿಂಗಳ ಒಂದು ಸಂಜೆ ನಾನು ಅದನ್ನು ತಪ್ಪಾಗಿ ಓದಿದೆ. ಆ ಹೊತ್ತಿಗೆ ಕಂಬದ ಮೇಲೆ ಒಬ್ಬರಿದ್ದರು.

ನಾನು ವಿದ್ಯುತ್ ಸರಬರಾಜು ಇಲಾಖೆಯ ಶಾಖಾಧಿಕಾರಿ. ಘಟ್ಟದ ಅಂಚಿನ ಒಂದು ಹೋಬಳಿ ನನ್ನ ವ್ಯಾಪ್ತಿ. ಅಡಿಕೆ ತೋಟ, ಗದ್ದೆ ಬಯಲು, ಅಕೇಶಿಯಾ ನೆಡುತೋಪು, ನಡುನಡುವೆ ಒಂಟಿ ಮನೆಗಳು. ಒಂದು ಮನೆಗೆ ದೀಪ ಕೊಡಲು ಹತ್ತು ಕಂಬ ದಾಟಿ ಹೋಗಬೇಕಾದ ಸೀಮೆ. ಶಾಖೆಯಲ್ಲಿ ಹದಿನಾಲ್ಕು ಜನ ಸಿಬ್ಬಂದಿ. ಅವರಲ್ಲಿ ನಾಲ್ವರು ನನ್ನ ತಂದೆಯ ವಯಸ್ಸಿನವರು, ಐವರು ಈಚೆಗೆ ಸೇರಿದ ಹುಡುಗರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬದುಕೆಲ್ಲ ಮರ ಬೀಳುವುದು, ತಂತಿ ಹರಿಯುವುದು, ಕಟ್ಟುವುದು, ಮತ್ತೆ ಮರ ಬೀಳುವುದು. 2016ರಲ್ಲಿ ನಾನು ಇಲ್ಲಿಗೆ ವರ್ಗವಾಗಿ ಬಂದಾಗ ಶಾಖೆಯ ವಾಟ್ಸಾಪ್ ಗುಂಪು ಆಗಲೇ ಇತ್ತು. ಅದನ್ನು ಯಾರೂ ಯೋಚಿಸಿ ಮಾಡಿರಲಿಲ್ಲ. ದೀಪಾವಳಿಯ ಶುಭಾಶಯಕ್ಕೆಂದು ಯಾರೋ ಶುರು ಮಾಡಿದ್ದ ಗುಂಪಿನೊಳಕ್ಕೆ ನಿಧಾನವಾಗಿ ಕೆಲಸವೂ ಬಂದು ಸೇರಿಕೊಂಡಿತ್ತು.

ಬಂದದ್ದು ಒಳ್ಳೆಯದೇ ಆಯಿತು ಎಂದು ಇಂದಿಗೂ ಹೇಳುತ್ತೇನೆ. ಅದಕ್ಕೆ ಮೊದಲು ದೂರು ಎಂದರೆ ಶಾಖಾ ಕಚೇರಿಯ ಸ್ಥಿರ ದೂರವಾಣಿ ಮತ್ತು ಒಂದು ದೂರು ಪುಸ್ತಕ. ‘ಮೇಲಿನಕೇರಿಯಲ್ಲಿ ಕರೆಂಟಿಲ್ಲ’ ಎಂದು ಬರೆದುಕೊಂಡ ಲೈನ್‌ಮ್ಯಾನ್ ನಾಲ್ಕು ಕಿಲೋಮೀಟರ್ ನಡೆದು ಹೋಗಿ ನೋಡುತ್ತಿದ್ದರು. ತಂತಿಯನ್ನು ಕಂಬದ ಮೇಲೆ ಹಿಡಿದಿಡುವ ಪಿಂಗಾಣಿ, ಪಿನ್ ಇನ್ಸುಲೇಟರ್, ಒಡೆದಿರುತ್ತಿತ್ತು. ಚೀಲದಲ್ಲಿ ಇರುತ್ತಿದ್ದದ್ದು ಫ್ಯೂಸ್ ತಂತಿ. ಮತ್ತೆ ನಾಲ್ಕು ಕಿಲೋಮೀಟರ್ ಹಿಂದಕ್ಕೆ. ಈಗ ಆ ಊರಿನವರು ಯಾರೋ ಕಂಬದ ಚಿತ್ರ ಕಳಿಸುತ್ತಾರೆ, ನಾನು ಕಚೇರಿಯಲ್ಲಿ ಕೂತೇ ಅದನ್ನು ಹಿಗ್ಗಿಸಿ ನೋಡುತ್ತೇನೆ, ಹೋಗುವವರು ಸರಿಯಾದ ಸಾಮಾನನ್ನೇ ಒಯ್ಯುತ್ತಾರೆ. ತೋಟದ ನಡುವೆ ನಿಂತವರು ಇರುವ ಜಾಗವನ್ನು ನಕ್ಷೆಯ ಗುರುತಾಗಿ ಕಳಿಸಿದರೆ, ‘ಹಲಸಿನ ಮರ ದಾಟಿ ಎಡಕ್ಕೆ, ಅಲ್ಲಿಂದ ಕೆಳಕ್ಕೆ’ ಎಂಬ ದಾರಿ ಹೇಳುವ ಕೆಲಸ ತಪ್ಪುತ್ತದೆ. ರಾತ್ರಿ ಮಳೆಯಲ್ಲಿ ಅರ್ಧ ಗಂಟೆ ಉಳಿಯುವುದು ಎಂದರೆ ಸಣ್ಣ ಮಾತಲ್ಲ.

ಚಿತ್ರದ ವಿಷಯದಲ್ಲಿ ನಾವು ಮೊದಲೇ ಒಂದು ಪದ್ಧತಿ ಮಾಡಿಕೊಂಡೆವು. ಒಂದು ಚಿತ್ರ ಸಾಲದು, ಮೂರು ಬೇಕು. ದೂರದಿಂದ ಅಕ್ಕಪಕ್ಕದ ಎರಡು ಕಂಬವೂ ಕಾಣುವಂತೆ ಒಂದು, ಕೆಟ್ಟ ಭಾಗದ್ದು ಒಂದು, ಟಿಸಿಯ (ಟ್ರಾನ್ಸ್‌ಫಾರ್ಮರಿಗೆ ನಾವು ಹೇಳುವ ಹೆಸರು) ಮೇಲೆ ಬಣ್ಣದಲ್ಲಿ ಬರೆದ ನಂಬರಿನದು ಒಂದು. ಈ ಮೂರನೆಯದನ್ನು ಎಲ್ಲರೂ ಮರೆಯುತ್ತಿದ್ದರು. ನಂಬರಿಲ್ಲದ ಟಿಸಿಯ ಚಿತ್ರ ಹೆಸರಿಲ್ಲದ ರೋಗಿಯ ಎಕ್ಸ್‌ರೇ ಇದ್ದಂತೆ. ನಮ್ಮಲ್ಲಿರುವ 25 ಕೆವಿಎ ಟಿಸಿಗಳೆಲ್ಲ ನೋಡಲು ಒಂದೇ.

ಇನ್ನು ಆ ಸಂಜೆಯ ವಿಷಯ. 2019ರ ಆಗಸ್ಟ್ ಮೊದಲ ವಾರ ಹೇಗಿತ್ತೆಂದು ಕಂಡವರಿಗೆ ಹೇಳಬೇಕಾಗಿಲ್ಲ. ಮಲೆನಾಡು, ಕೊಡಗು, ಕರಾವಳಿ, ಅತ್ತ ಕೃಷ್ಣಾ ತೀರ ಎಲ್ಲವೂ ನೀರಿನಲ್ಲಿದ್ದವು. ಉಪಕೇಂದ್ರದಿಂದ ಊರುಗಳಿಗೆ ಹೊರಡುವ ಲೈನಿಗೆ ಫೀಡರ್ ಎನ್ನುತ್ತೇವೆ. ನಮ್ಮ ಎಫ್-3 ಫೀಡರಿನ ಮೇಲೆ, ಕೆರೆ ಏರಿಯ ಹತ್ತಿರ, ಒಂದು ಮತ್ತಿ ಮರ ಬಿದ್ದು 11 ಕೆವಿ ತಂತಿ ಹರಿದಿತ್ತು. ನಮ್ಮ ಹಿರಿಯ ಮೆಕ್ಯಾನಿಕ್, ನಾವೆಲ್ಲ ಮೇಸ್ತ್ರಿ ಎಂದೇ ಕರೆಯುವವರು, ಉಪಕೇಂದ್ರದಿಂದ ಲೈನ್ ಕ್ಲಿಯರ್ (ಎಲ್‌ಸಿ), ಅಂದರೆ ಕರೆಂಟು ನಿಲ್ಲಿಸಿ ಕೆಲಸ ಮಾಡುವ ಅನುಮತಿ, ತೆಗೆದುಕೊಂಡು ನಾಲ್ವರೊಂದಿಗೆ ಅಲ್ಲಿ ಕೆಲಸಕ್ಕಿಳಿದಿದ್ದರು. ಅಷ್ಟರಲ್ಲಿ ಅದೇ ಫೀಡರಿನಲ್ಲಿ ಮುಂದೆ ಶಾಲೆಯ ಬಳಿ ಜಂಪರ್, ಅಂದರೆ ಎರಡು ತಂತಿ ಜೋಡಿಸುವ ತುಂಡು ತಂತಿ, ಬಿಟ್ಟುಕೊಂಡಿರುವುದು ತಿಳಿಯಿತು. ನಾನು ಗುಂಪಿನಲ್ಲಿ ಬರೆದೆ: ‘ಶಾಲೆ ಹತ್ತಿರದ ಜಂಪರನ್ನೂ ಇದೇ ಎಲ್‌ಸಿಯಲ್ಲಿ ಮುಗಿಸಿಬಿಡಿ.’ ಬರೆದು ಜೀಪು ಹತ್ತಿ ಇನ್ನೊಂದು ಊರಿಗೆ ಹೊರಟೆ. ದಾರಿಯುದ್ದಕ್ಕೂ ನೆಟ್‌ವರ್ಕ್ ಇರಲಿಲ್ಲ.

ತಿರುವು ದಾಟಿ ಗುಡ್ಡದ ನೆತ್ತಿಗೆ ಬಂದಾಗ ಮೊಬೈಲ್ ಒಂದೇ ಸಮನೆ ಅದುರತೊಡಗಿತು. ನಲವತ್ತು ಸಂದೇಶ ಒಟ್ಟಿಗೆ ಬಂದು ಬಿದ್ದವು. ಅವುಗಳಲ್ಲಿ ಒಂದು, ಮೇಸ್ತ್ರಿಯ ಜೊತೆಗಿದ್ದ ಹುಡುಗ ಹಾಕಿದ್ದು: ‘ಆಯಿತು ಮೇಡಂ.’ ನಾನು ಅದನ್ನು ಓದುತ್ತಿರುವಾಗಲೇ ಉಪಕೇಂದ್ರದ ಆಪರೇಟರ್ ಫೋನು ಬಂತು.

‘ಎಫ್-ಮೂರು ಆಯಿತೇ ಮೇಡಂ? ಸ್ಟೇಷನ್ನಿಗೆ ಫೋನಿನ ಮೇಲೆ ಫೋನು ಬರುತ್ತಿದೆ.’

‘ಆಯಿತು ಎಂದು ಗುಂಪಿನಲ್ಲಿ ಹಾಕಿದ್ದಾರೆ’ ಎಂದೆ.

ಅವರು ಒಂದು ಕ್ಷಣ ಸುಮ್ಮನಿದ್ದರು. ‘ಗುಂಪಿನಲ್ಲಿ ನಾನೂ ನೋಡಿದೆ ಮೇಡಂ. ಆದರೆ ಎಲ್‌ಸಿ ಮೇಸ್ತ್ರಿಯವರ ಹೆಸರಿನಲ್ಲಿದೆ. ಅವರೇ ಫೋನು ಮಾಡಿ, ನಂಬರು ಹೇಳಿ ವಾಪಸ್ ಮಾಡಬೇಕು. ಅಲ್ಲಿಯವರೆಗೆ ನಾನು ಹಾಕುವುದಿಲ್ಲ.’

ನಾನು ಮತ್ತೆ ಪರದೆ ನೋಡಿದೆ. ‘ಆಯಿತು ಮೇಡಂ’ ಎಂಬುದರ ಕೆಳಗೆ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ, ಸಮಯ ಇತ್ತು: 6.11. ನನ್ನ ಸಂದೇಶ ಹೋದದ್ದು 6.10ಕ್ಕೆ. ಒಂದು ನಿಮಿಷದಲ್ಲಿ ಯಾರೂ ಜಂಪರ್ ಹಾಕುವುದಿಲ್ಲ. ಹುಡುಗ ಹೇಳಿದ್ದು ಸರಿ ಮೇಡಂ, ಮಾಡುತ್ತೇವೆ ಎಂದು. ನಾನು ಓದಿದಾಗ ಗಂಟೆ ಏಳಾಗಲು ಐದು ನಿಮಿಷ. ಆ ಹೊತ್ತಿಗೆ ಮೇಸ್ತ್ರಿ ಶಾಲೆಯ ಮುಂದಿನ ಕಂಬದ ಅಡ್ಡಪಟ್ಟಿಯ ಮೇಲೆ ಬೆಲ್ಟ್ ಕಟ್ಟಿಕೊಂಡು, ತಲೆಗೆ ಟಾರ್ಚ್ ಸಿಕ್ಕಿಸಿಕೊಂಡು ಜಂಪರ್ ಬಿಗಿಯುತ್ತಿದ್ದರು. ಅವರು ಇಳಿದು ಬಂದು ಎಲ್‌ಸಿ ವಾಪಸ್ ಮಾಡಿದ್ದು 7.40ಕ್ಕೆ.

ಕೆಲಸದ ಜಾಗದಲ್ಲಿ ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ತ್ ರಾಡ್ ಹಾಕಿದ್ದರು, ಒಂದು ವೇಳೆ ಕರೆಂಟು ಬಿಟ್ಟು ಲೈನ್ ಚಾರ್ಜ್ ಮಾಡಿದ್ದರೂ ಉಪಕೇಂದ್ರದ ಬ್ರೇಕರ್ ತಾನಾಗಿ ತೆರೆದುಕೊಂಡು ಟ್ರಿಪ್ ಆಗುತ್ತಿತ್ತು ಎಂದು ಆಮೇಲೆ ಸಮಾಧಾನ ಹೇಳಿದವರಿದ್ದಾರೆ. ಆ ಸಮಾಧಾನ ನನಗೆ ಬೇಡ. ಅರ್ತ್ ರಾಡ್ ಇರುವುದು ಕೊನೆಯ ಕಾವಲಿಗೆ. ಅದಕ್ಕೆ ಮುಂಚಿನ ಕಾವಲೆಲ್ಲ ಮುರಿದುಹೋಗಲು ನಾನು ಒಂದು ಮಾತಿನಷ್ಟು ಹತ್ತಿರ ಬಂದಿದ್ದೆ. ಪುಸ್ತಕ ಬಿಟ್ಟು ಕದಲದ ಒಬ್ಬ ಆಪರೇಟರ್ ಅಂದು ಸ್ಟೇಷನ್ನಿನಲ್ಲಿ ಕೂತಿದ್ದರು. ಅವರಿಗೆ ಮರುದಿನ ಬೆಳಿಗ್ಗೆ ಖುದ್ದಾಗಿ ಹೋಗಿ ಕೈಮುಗಿದು ಬಂದೆ.

ಲೈನ್ ಕ್ಲಿಯರ್ ಎಂದರೇನೆಂದು ತಿಳಿಯದವರಿಗಾಗಿ ನಾಲ್ಕು ಮಾತು. ಹೈಟೆನ್ಷನ್ ಲೈನಿನ ಮೇಲೆ ಕೈಯಿಡುವ ಮುನ್ನ, ಕೆಲಸಕ್ಕೆ ಜವಾಬ್ದಾರರಾದ ಒಬ್ಬರು ಉಪಕೇಂದ್ರದಿಂದ ಅನುಮತಿ ಪಡೆಯುತ್ತಾರೆ. ಆಪರೇಟರ್ ಬ್ರೇಕರ್ ತೆರೆದು, ಲೈನನ್ನು ಬೇರ್ಪಡಿಸಿ, ಅರ್ತ್ ಮಾಡಿ, ‘ಲೈನಿನಲ್ಲಿ ಜನ ಕೆಲಸ ಮಾಡುತ್ತಿದ್ದಾರೆ’ ಎಂಬ ಫಲಕ ತೂಗುಹಾಕಿ, ಪುಸ್ತಕದಲ್ಲಿ ಹೆಸರು, ಸಮಯ ಬರೆದು ಒಂದು ನಂಬರು ಕೊಡುತ್ತಾರೆ. ಕೆಲಸ ಮುಗಿದು, ಜನರೆಲ್ಲ ಇಳಿದು, ಹಾಕಿದ ಅರ್ತ್ ರಾಡುಗಳನ್ನೆಲ್ಲ ತೆಗೆದ ಮೇಲೆ ಅದೇ ವ್ಯಕ್ತಿ ಅದೇ ನಂಬರು ಹೇಳಿ ಎಲ್‌ಸಿ ಹಿಂದಿರುಗಿಸಬೇಕು. ತೆಗೆದುಕೊಂಡವರ ಬದಲು ಇನ್ನೊಬ್ಬರು ವಾಪಸ್ ಮಾಡುವಂತಿಲ್ಲ. ಇದು ಮೊಬೈಲಿಗಿಂತ ಎಷ್ಟೋ ಹಳೆಯ ಕ್ರಮ. ಇದನ್ನು ಕಟ್ಟಿದವರು ಅನುಭವದಿಂದ ಕಟ್ಟಿದ್ದಾರೆ. ನಾವು ಮಾಡಿದ ತಪ್ಪೆಂದರೆ, ಈ ಕ್ರಮದ ಪಕ್ಕದಲ್ಲೇ ಅದಕ್ಕಿಂತ ವೇಗವಾದ, ಅದಕ್ಕಿಂತ ಸುಲಭವಾದ ಇನ್ನೊಂದು ದಾರಿ ತಾನಾಗಿ ಬೆಳೆಯಲು ಬಿಟ್ಟದ್ದು.

ಮೊದಲ ತೀರ್ಮಾನ ಅದರದ್ದೇ. ಎಲ್‌ಸಿ ಕೇಳುವುದು, ಕೊಡುವುದು, ವಾಪಸ್ ಮಾಡುವುದು, ಲೈನ್ ಚಾರ್ಜ್ ಮಾಡಲು ಹೇಳುವುದು, ಈ ನಾಲ್ಕು ಮಾತು ಗುಂಪಿನಲ್ಲಿ ಬರಕೂಡದು. ಫೋನಿನಲ್ಲಿ ದನಿ ಕೇಳಬೇಕು, ಕೇಳಿದ್ದನ್ನು ಆ ಕಡೆಯವರು ತಿರುಗಿ ಒಪ್ಪಿಸಬೇಕು, ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಬೇಕಾದರೆ ಸುದ್ದಿಯಾಗಿ ಗುಂಪಿನಲ್ಲಿ ಹಾಕಲಿ. ಇದನ್ನು ಕಾಗದದಲ್ಲಿ ಬರೆದು, ಎಲ್ಲರ ಸಹಿ ಪಡೆದು, ಕಚೇರಿಯ ಗೋಡೆಗೂ ಉಪಕೇಂದ್ರದ ಗೋಡೆಗೂ ಅಂಟಿಸಿದೆವು.

ಎರಡನೆಯದು ಮಾತುಗಳನ್ನೇ ಬದಲಾಯಿಸಿಕೊಂಡದ್ದು. ಭಾನುವಾರ ಬೆಳಿಗ್ಗೆ ಎಲ್ಲರೂ ಶಾಖಾ ಕಚೇರಿಯ ಜಗಲಿಯಲ್ಲಿ ಕೂತು ಗುಂಪಿನ ಹಿಂದಿನ ಎರಡು ತಿಂಗಳ ಸಂದೇಶಗಳನ್ನು ಓದಿದೆವು. ಎರಡರ್ಥ ಬರುವ ಮಾತು ಯಾವುದು ಎಂದು ಹುಡುಕುತ್ತ ಹೋದರೆ ಸಿಕ್ಕವು ಎಲ್ಲ ನಾವು ದಿನವೂ ಆಡುವ ಮಾತುಗಳೇ. ‘ಬಿಡಿ’ ಎಂದರೆ ಕರೆಂಟು ಬಿಡಿ ಎಂದೂ ಆಗುತ್ತದೆ, ಅದರ ಗೊಡವೆ ಬಿಡಿ ಎಂದೂ ಆಗುತ್ತದೆ. ‘ತೆಗೆದೆ’ ಎಂದರೆ ಸ್ವಿಚ್ ತೆರೆದೆ ಎಂದೋ, ಕೊಂಬೆ ತೆಗೆದೆ ಎಂದೋ, ಎಲ್‌ಸಿ ತೆಗೆದುಕೊಂಡೆ ಎಂದೋ? ‘ಹಾಕಿ’ ಎಂದರೆ ಫ್ಯೂಸ್ ಹಾಕುವುದೋ, ಲೈನ್ ಹಾಕುವುದೋ, ಗುಂಪಿನಲ್ಲಿ ಚಿತ್ರ ಹಾಕುವುದೋ? ಓದುತ್ತಾ ಓದುತ್ತಾ ಜಗಲಿಯಲ್ಲಿದ್ದವರೆಲ್ಲ ಗಂಭೀರವಾದರು. ಮೇಸ್ತ್ರಿ ಹೇಳಿದರು: ‘ಇಷ್ಟು ದಿನ ದೇವರು ನಡೆಸಿದ್ದಾನೆ ಮೇಡಂ. ಇನ್ನು ಮೇಲೆ ನಾವೇ ನೋಡಿಕೊಳ್ಳಬೇಕು.’

ಅಂದು ನಾವು ಆರಿಸಿಕೊಂಡದ್ದು ಮೂರು ಮಾತು. ಸಂದೇಶ ಓದಿದವರು ‘ನೋಡಿದೆ’ ಎನ್ನಬೇಕು. ಕೆಲಸಕ್ಕೆ ಹೋಗುವವರು ‘ಹೊರಟೆ’ ಎನ್ನಬೇಕು. ಕೆಲಸವಾದ ಮೇಲೆ ‘ಮುಗಿಯಿತು’ ಎಂದು ಬರೆದು, ಏನು ಮುಗಿಯಿತು, ಎಲ್ಲಿ ಮುಗಿಯಿತು ಎಂಬುದನ್ನೂ ಸೇರಿಸಬೇಕು. ‘ಆಯಿತು’ ಗುಂಪಿನಿಂದ ಹೊರಗೆ. ಹೆಬ್ಬೆರಳಿನ ಚಿಹ್ನೆಯೂ ಹೊರಗೆ, ಏಕೆಂದರೆ ಅದು ‘ಆಯಿತು’ ಎಂಬುದರ ಚಿತ್ರರೂಪ ಅಷ್ಟೇ. ರೂಢಿಯಾಗಲು ಒಂದು ಇಡೀ ಮಳೆಗಾಲ ಬೇಕಾಯಿತು. ಹುಟ್ಟಿದಾಗಿನಿಂದ ಬಾಯಲ್ಲಿರುವ ಮಾತನ್ನು ಬೆರಳು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಯಾರಾದರೂ ‘ಆಯಿತು’ ಎಂದು ಹಾಕಿದರೆ ನಾನು ಬೈಯುತ್ತಿರಲಿಲ್ಲ, ಅದರ ಕೆಳಗೆ ‘ಯಾವ ಆಯಿತು?’ ಎಂದು ಮಾತ್ರ ಕೇಳುತ್ತಿದ್ದೆ. ಹಿರಿಯರಿಗೂ ಹೀಗೇ ಕೇಳುತ್ತಿದ್ದೆ. ಅವರು ಅದನ್ನು ಅವಮಾನ ಎಂದುಕೊಳ್ಳಲಿಲ್ಲ, ಅದು ಅವರ ದೊಡ್ಡತನ.

ಹಾಗೆಂದು ದನಿಯೇ ಎಲ್ಲಕ್ಕೂ ಮದ್ದಲ್ಲ. ಮಳೆಯ ಸದ್ದಿನಲ್ಲಿ ಫೋನಿನೊಳಗೆ ‘ಮೂರು’ ಮತ್ತು ‘ಆರು’ ಒಂದೇ ತರ ಕೇಳಿಸುತ್ತವೆ. ನಮ್ಮಲ್ಲಿ ಎಫ್-3 ಉಂಟು, ಎಫ್-6 ಕೂಡ ಉಂಟು. ಅದಕ್ಕೇ ಫೋನಿನಲ್ಲಿ ಫೀಡರಿನ ನಂಬರಿನ ಜೊತೆಗೆ ಅದರ ಹೆಸರನ್ನೂ ಹೇಳಬೇಕು, ಆ ಕಡೆಯವರು ಎರಡನ್ನೂ ತಿರುಗಿ ಹೇಳಬೇಕು ಎಂದು ಮಾಡಿಕೊಂಡೆವು. ಟಿಸಿ ನಂಬರು, ಗ್ರಾಹಕರ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರು, ಕಂಬದ ನಂಬರು ಇಂಥವಕ್ಕೆ ಬರಹವೇ ಮೇಲು. ಅಂಕಿ ಬರೆದು ಕಳಿಸಿದರೆ ಕಣ್ಣು ಎರಡು ಸಲ ನೋಡಬಹುದು.

ಬರಹ ಎಂದರೆ ಯಾವ ಲಿಪಿಯ ಬರಹ ಎಂಬ ಪ್ರಶ್ನೆಯೂ ಬಂತು. ನಮ್ಮ ಹುಡುಗರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು. ಹಾಗೆ ಬರೆದರೆ ‘ಮಳೆ’ಗೂ ‘ಮಾಲೆ’ಗೂ, ಮೇಲೆ ಎನ್ನುವ ಆಡುಮಾತಿನ ‘ಮ್ಯಾಲೆ’ಗೂ ಅವೇ ನಾಲ್ಕು ಅಕ್ಷರ: male. ‘ಮಳೆ ಲೈನ್ ಇದೆ’ ಎಂದು ನಾನು ಓದಿದ್ದು ‘ಮೇಲೆ ಲೈನ್ ಇದೆ’ ಎಂಬ ಎಚ್ಚರಿಕೆಯಾಗಿತ್ತು. ಒಂದು ಲೈನಿನ ಕೆಳಗೆ ಇನ್ನೊಂದು ಹಾಯುವ ಜಾಗ, ಮೇಲಿನದು ಬೇರೆ ಫೀಡರಿನದು, ಅದರಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ. ಅಂಥ ಕಡೆ ಅಕ್ಷರದ ಗೊಂದಲ ಇರಬಾರದು. ಎಲ್ಲರ ಮೊಬೈಲಿಗೂ ಕನ್ನಡ ಕೀಲಿಮಣೆ ಹಾಕಿಸಿದೆ. ಕಲಿಯಲು ತಕರಾರು ಮಾಡಿದವರು ಹಿರಿಯರಲ್ಲ, ಹುಡುಗರೇ. ಹಿರಿಯರಿಗಂತೂ ಬಸ್ಸಿನ ಹಲಗೆ ಓದುವ ಲಿಪಿಯೇ ಮೊಬೈಲಿನಲ್ಲೂ ಬಂತೆಂದು ಖುಷಿಯಾಯಿತು.

ಟೈಪು ಮಾಡಲು ಆಗದವರಿಗೆ ಧ್ವನಿ ಸಂದೇಶ ಇದೆ. ಅದನ್ನು ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಇಬ್ಬರು ಅನುಭವಿಗಳ ಬಾಯಿ ಕಟ್ಟಿದಂತಾಗುತ್ತಿತ್ತು. ಆದರೆ ಎರಡು ನಿಮಿಷದ ಧ್ವನಿ ಸಂದೇಶದಲ್ಲಿ ಊರಿನ ಹೆಸರು ಕೊನೆಗೆ ಬರುತ್ತದೆ, ಅಷ್ಟರವರೆಗೆ ಕೇಳುವ ತಾಳ್ಮೆ ಬೈಕಿನ ಮೇಲಿರುವವರಿಗೆ ಇರುವುದಿಲ್ಲ. ಊರಿನ ಹೆಸರೇ ಮೊದಲ ಮಾತು, ಆಮೇಲೆ ಇಪ್ಪತ್ತು ಸೆಕೆಂಡಿನಲ್ಲಿ ವಿಷಯ ಎಂದು ಗೊತ್ತು ಮಾಡಿದೆವು. ಅದರ ಕೆಳಗೆ ನಾನೋ ಕಚೇರಿಯ ಸಹಾಯಕರೋ ಒಂದು ಸಾಲು ಬರೆದು ಹಾಕುತ್ತೇವೆ. ನಾಳೆ ಹುಡುಕುವಾಗ ಸಿಗುವುದು ಆ ಸಾಲು ಮಾತ್ರ.

ಕಂಬ ಹತ್ತುವವರ ಜೇಬಿನಲ್ಲಿ ಮೊಬೈಲ್ ಇರಬಾರದು. ಗ್ಯಾಂಗಿನಲ್ಲಿ ಕೆಳಗಿರುವ ಒಬ್ಬರ ಕೈಯಲ್ಲಿ ಮಾತ್ರ ಇರಬೇಕು. ಇದಕ್ಕೆ ವಿವರಣೆ ಬೇಡವೆಂದುಕೊಂಡಿದ್ದೇನೆ.

ಈಗ ಟಿಕ್ ಗುರುತಿನ ಮಾತು. ಒಂದು ಬೂದು ಟಿಕ್ ಎಂದರೆ ಸಂದೇಶ ನನ್ನಿಂದ ಹೊರಟಿದೆ, ಅವರನ್ನು ಮುಟ್ಟಿಲ್ಲ. ಎರಡು ಎಂದರೆ ಮುಟ್ಟಿದೆ. ನೀಲಿಯಾದರೆ ತೆರೆದಿದ್ದಾರೆ. 2014ರ ನವೆಂಬರಿನಲ್ಲಿ ನೀಲಿ ಟಿಕ್ ಬಂದಾಗಿನಿಂದ ಮೇಲಧಿಕಾರಿಗಳು ಅದನ್ನು ಹಾಜರಾತಿಯಂತೆ ನೋಡುವುದುಂಟು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂಟಿ ಬೂದು ಟಿಕ್. ನಮ್ಮ ಕಡೆ ಮೊಬೈಲ್ ಟವರುಗಳೂ ನಾವು ಕೊಡುವ ಕರೆಂಟಿನ ಮೇಲೇ ನಿಂತಿವೆ. ಲೈನು ಬಿದ್ದ ಕೆಲವು ಗಂಟೆಗಳಲ್ಲಿ ಬ್ಯಾಟರಿ ಮುಗಿದು ಟವರೂ ಮಲಗುತ್ತದೆ. ಒಂದೇ ಕಣಿವೆಯಲ್ಲಿರುವ ಮೂವರಿಗೆ ಕಳಿಸಿದ ಸಂದೇಶಗಳೆಲ್ಲ ಒಂದೇ ಟಿಕ್ಕಿನಲ್ಲಿ ನಿಂತರೆ ಅಲ್ಲಿಯ ಟವರ್ ಹೋಗಿದೆ ಎಂದು ತಿಳಿಯುತ್ತದೆ. ಆಗ ದುರಸ್ತಿಯ ಸರದಿಯಲ್ಲಿ ಟವರಿಗೆ ಹೋಗುವ ಲೈನನ್ನು ಮುಂದಕ್ಕೆ ತರುತ್ತೇನೆ. ಅದೊಂದು ಎದ್ದರೆ ಆ ಕಣಿವೆಯ ಜನ ಆಂಬುಲೆನ್ಸಿಗಾದರೂ ಫೋನು ಮಾಡಬಹುದು. ಈ ಲೆಕ್ಕಾಚಾರವನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತು ದಾಟಿದ ಮೇಲೆ ಯಾರಿಗೆ ಕಳಿಸಿದರೂ ಒಂದು ಟಿಕ್ ಕೂಡ ಬೀಳಲಿಲ್ಲ. ಇಡೀ ಹೋಬಳಿಯ ಟವರುಗಳು ಒಟ್ಟಿಗೆ ಹೋಗಿವೆ ಎಂದುಕೊಂಡೆ. ಫೋನು ಮಾಡಿದರೆ ಹೋಗುತ್ತಿತ್ತು! ಆಮೇಲೆ ಗೊತ್ತಾಯಿತು, ಫೇಸ್‌ಬುಕ್ ಕಂಪನಿಯ ಜಾಲದಲ್ಲೇ ಒಂದು ತಪ್ಪು ಬದಲಾವಣೆಯಿಂದಾಗಿ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ವಾಟ್ಸಾಪ್ ನಿಂತಿತ್ತು. ಅಂದು ಗುಡುಗು ಮಳೆ ಇತ್ತು, ಎರಡು ಫೀಡರ್ ಟ್ರಿಪ್ ಆಗಿದ್ದವು. ನಮ್ಮ ಹುಡುಗರಲ್ಲಿ ಕೆಲವರ ಬಳಿ ಪರಸ್ಪರರ ಫೋನ್ ನಂಬರೇ ಇರಲಿಲ್ಲ. ಎಲ್ಲರೂ ಗುಂಪಿನಲ್ಲಿದ್ದಾರಲ್ಲ ಎಂದು ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಉಪಕೇಂದ್ರದ ಗೋಡೆಯ ಮೇಲೆ ಎಂದೋ ಬರೆದಿಟ್ಟಿದ್ದ, ಅರ್ಧ ಮಾಸಿದ ನಂಬರುಗಳ ಪಟ್ಟಿಯೇ ಅಂದು ನಮ್ಮ ಕೈ ಹಿಡಿಯಿತು. ಮರುವಾರ ಹೊಸ ಪಟ್ಟಿ ಅಚ್ಚು ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಜೀಪಿನಲ್ಲಿ ಒಂದು, ಕಚೇರಿಯಲ್ಲಿ ಒಂದು, ಪ್ರತಿಯೊಬ್ಬರ ಮನೆಯಲ್ಲಿ ಒಂದು ಇಟ್ಟೆವು. ಪ್ರತಿ ಜೂನ್ ಒಂದರಂದು ಅದನ್ನು ಹೊಸದಾಗಿ ತಿದ್ದುತ್ತೇವೆ.

ಊರವರಿಗಾಗಿ ಇರುವ ಗುಂಪು ಬೇರೆ. ಮೊದಲು ಎಲ್ಲರೂ ಬರೆಯಬಹುದಾಗಿತ್ತು. ಒಂದು ಜುಲೈ ಬೆಳಿಗ್ಗೆ ಅದರಲ್ಲಿ ಒಂದು ಚಿತ್ರ ಬಂತು. ಗದ್ದೆಯ ಅಂಚಿನಲ್ಲಿ ಹರಿದು ಬಿದ್ದ ತಂತಿ, ಒದ್ದೆ ಹುಲ್ಲಿನ ಮೇಲೆ ಸುರುಳಿಯಾಗಿ ಬಿದ್ದಿದೆ. ಚಿತ್ರ ಚೆನ್ನಾಗಿಯೇ ಇತ್ತು, ಸ್ಪಷ್ಟವಾಗಿತ್ತು. ಹಿಗ್ಗಿಸಿ ನೋಡುತ್ತ ಕೆಳಗಿನ ಮೂಲೆಗೆ ಬಂದಾಗ ಅಲ್ಲಿ ಒಂದು ನೀಲಿ ಹವಾಯಿ ಚಪ್ಪಲಿಯ ತುದಿ, ಕೆಸರು ಮೆತ್ತಿದ ಹೆಬ್ಬೆರಳು ಕಾಣಿಸಿತು. ತಂತಿಗೂ ಆ ಬೆರಳಿಗೂ ನಡುವೆ ಒಂದು ಗೇಣು, ಹೆಚ್ಚೆಂದರೆ ಒಂದೂವರೆ. ನನ್ನ ಎದೆ ನಿಂತಂತಾಯಿತು. ಕೂಡಲೇ ಫೋನು ಮಾಡಿದೆ. ಆ ಯಜಮಾನರು, ‘ನಿಮಗೆ ಸರಿಯಾಗಿ ಕಾಣಲಿ ಎಂದು ಹತ್ತಿರ ಹೋದೆ ತಂಗಿ’ ಎಂದರು. ಆ ಲೈನು ಸ್ಟೇಷನ್ನಿನಲ್ಲಿ ಟ್ರಿಪ್ ಆಗಿತ್ತು, ಹಾಗಾಗಿ ಅವರು ಉಳಿದರು. ಟ್ರಿಪ್ ಆಗದೆಯೂ ತಂತಿ ನೆಲದ ಮೇಲೆ ಬಿದ್ದಿರುವುದುಂಟು. ಆಗ ಒದ್ದೆ ನೆಲದಲ್ಲೇ ಕರೆಂಟು ಹರಡಿರುತ್ತದೆ, ತಂತಿಯನ್ನು ಮುಟ್ಟಬೇಕಾಗಿಯೇ ಇಲ್ಲ, ಎರಡು ಕಾಲುಗಳ ನಡುವಿನ ಅಂತರವೇ ಸಾಕಾಗುತ್ತದೆ. ಹಸು ಕರುಗಳು ಹೀಗೆ ಸಾಯುವುದನ್ನು ರೈತರು ಕಂಡಿದ್ದಾರೆ. ಅವುಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು.

ಚಿತ್ರ ಕಳಿಸಿ ಎಂದು ಊರವರಿಗೆ ಕಲಿಸಿದ್ದೇ ನಾನು. ಅಂದೇ ಗುಂಪಿನ ವಿವರಣೆಯನ್ನು ತಿದ್ದಿದೆ: ‘ತಂತಿ ನೆಲಕ್ಕೆ ಬಿದ್ದಿದ್ದರೆ ಚಿತ್ರ ಬೇಡ. ಹತ್ತಿರ ಹೋಗಬೇಡಿ, ದನಕರು ಬಿಡಬೇಡಿ, 1912ಕ್ಕೆ ಕರೆ ಮಾಡಿ, ಊರಿನ ಹೆಸರು ಹೇಳಿ. ಅಷ್ಟೇ ಸಾಕು.’ ಕಂಬದ ಮೇಲಿನ ದೋಷಕ್ಕೆ ಮಾತ್ರ, ದೂರದಿಂದ, ಚಿತ್ರ. ಬಳಿಕ ಆ ಗುಂಪಿನಲ್ಲಿ ನಾವು ಮಾತ್ರ ಬರೆಯುವಂತೆ ಮಾಡಿದೆವು. ಯಾವ ಊರಿಗೆ ಯಾವಾಗ ವಿದ್ಯುತ್ ನಿಲುಗಡೆ, ದುರಸ್ತಿ ಎಲ್ಲಿಯವರೆಗೆ ಬಂತು ಎಂಬ ಸುದ್ದಿ ಅದರಲ್ಲಿ ಹೋಗುತ್ತದೆ. ದೂರಿಗೆ 1912. ಅಲ್ಲಿ ಕರೆ ಮಾಡಿದರೆ ದೂರಿಗೊಂದು ನಂಬರು ಹುಟ್ಟುತ್ತದೆ, ಅದು ಮುಗಿಯುವವರೆಗೆ ಯಾರ ಕಣ್ಣಿಂದಲೂ ತಪ್ಪುವುದಿಲ್ಲ. ಗುಂಪಿನ ಸಂದೇಶ ನೂರು ಶುಭೋದಯಗಳ ಕೆಳಗೆ ಹೂತುಹೋಗುತ್ತದೆ. ಬಿಲ್ಲು ಬಾಕಿ ಇರುವವರ ಹೆಸರು, ಆರ್‌ಆರ್ ನಂಬರುಗಳ ಪಟ್ಟಿಯನ್ನು ಊರಿನ ಗುಂಪಿನಲ್ಲಿ ಹಾಕಿದರೆ ವಸೂಲಿ ಬೇಗ ಆಗುತ್ತದೆ ಎಂದು ಒಬ್ಬರು ಸಲಹೆ ಕೊಟ್ಟಿದ್ದರು. ಒಪ್ಪಲಿಲ್ಲ. ಯಾರ ಬಡತನವನ್ನೂ ಊರ ಮುಂದೆ ಓದುವ ಅಧಿಕಾರ ನಮಗಿಲ್ಲ.

ರಾತ್ರಿಯ ಮಾತು ಬಹಳ ದಿನ ನನ್ನನ್ನು ಕಾಡಿತು. ಒಮ್ಮೆ ಲೈನ್‌ಮ್ಯಾನ್ ಒಬ್ಬರ ಮನೆಗೆ ಗೃಹಪ್ರವೇಶಕ್ಕೆ ಹೋಗಿದ್ದೆ. ಅವರ ಹೆಂಡತಿ ಎಲೆ ಹಾಕುತ್ತ ಮೆಲ್ಲಗೆ ಹೇಳಿದರು: ‘ಇವರು ಊಟದ ತಟ್ಟೆಯ ಪಕ್ಕ ಮೊಬೈಲ್ ಇಟ್ಟುಕೊಂಡೇ ಉಣ್ಣುತ್ತಾರೆ ಮೇಡಂ. ಕೆಲಸ ಇರುವ ದಿನವೂ ಹಾಗೆ, ರಜೆಯ ದಿನವೂ ಹಾಗೆ.’ ದೂರುವ ದನಿ ಇರಲಿಲ್ಲ. ಆ ಮೊಬೈಲಿಗೆ ರಾತ್ರಿ ಹನ್ನೊಂದಕ್ಕೆ ‘ನಾಳೆ ಮರ ಕಡಿಯುವ ಪಟ್ಟಿ ಸಿದ್ಧ ಮಾಡಿ’ ಎಂದು ಕಳಿಸುತ್ತಿದ್ದವಳು ನಾನೇ. ನೆನಪಾದಾಗ ಬರೆದು ತಲೆ ಹಗುರ ಮಾಡಿಕೊಳ್ಳುತ್ತಿದ್ದೆ, ಆ ಭಾರ ಇನ್ನೊಬ್ಬರ ತಟ್ಟೆಯ ಪಕ್ಕ ಹೋಗಿ ಕೂರುತ್ತಿತ್ತು.

ಈಗ ರಾತ್ರಿ ನೆನಪಾದದ್ದನ್ನು ನನಗೆ ನಾನೇ ಕಳಿಸಿಕೊಂಡು ಇಟ್ಟುಕೊಳ್ಳುತ್ತೇನೆ, ಬೆಳಿಗ್ಗೆ ಏಳಕ್ಕೆ ಗುಂಪಿಗೆ ಹಾಕುತ್ತೇನೆ. ಪಾಳಿಯಲ್ಲಿ ಇಲ್ಲದವರು ಉತ್ತರಿಸಬೇಕಾಗಿಲ್ಲ, ನೀಲಿ ಟಿಕ್ ಬಂದಿದ್ದರೂ ಸರಿಯೇ. ರಾತ್ರಿ ಹತ್ತರ ಮೇಲೆ ತುರ್ತಿದ್ದರೆ ಗುಂಪಿನಲ್ಲಿ ಬರೆಯುವಂತಿಲ್ಲ, ಪಾಳಿಯವರಿಗೆ ಫೋನು ಮಾಡಬೇಕು. ಇದರಿಂದ ಅನಿರೀಕ್ಷಿತವಾದ ಒಂದು ಲಾಭವೂ ಆಯಿತು. ಫೋನು ಮಾಡಿ ಒಬ್ಬರ ನಿದ್ದೆ ಕೆಡಿಸಬೇಕು ಎಂದಾಗ, ಇದು ನಿಜಕ್ಕೂ ತುರ್ತೇ ಎಂದು ಮನಸ್ಸು ತಾನಾಗಿ ಕೇಳಿಕೊಳ್ಳುತ್ತದೆ.

ಮೇಲಿನ ಕಚೇರಿಗಳ ಗುಂಪುಗಳನ್ನು ಬದಲಾಯಿಸುವುದು ನನ್ನ ಕೈಯಲ್ಲಿಲ್ಲ. ಒಂದು ಬೆಳಿಗ್ಗೆ ಎಣಿಸಿದಾಗ ಇಪ್ಪತ್ತಮೂರು ಗುಂಪುಗಳಲ್ಲಿ ನನ್ನ ಹೆಸರಿತ್ತು. ಉಪವಿಭಾಗದ್ದು, ವಸೂಲಿಯದು, ಮೀಟರಿನದು, ಪಂಚಾಯಿತಿಗಳದು, ಒಂದೇ ಅಧಿಕಾರಿಯ ಎರಡೆರಡು. ಕಂಬ ನಿಲ್ಲಿಸಿದ ಚಿತ್ರ ಅರ್ಧ ಗಂಟೆಯೊಳಗೆ ಬೇಕು ಎಂದು ಕೇಳಿದರೆ, ಕಂಬ ನಿಲ್ಲಿಸುವವರು ಕೆಲಸ ನಿಲ್ಲಿಸಿ ಚಿತ್ರ ತೆಗೆಯಬೇಕಾಗುತ್ತದೆ. ಇದನ್ನು ಗುಂಪಿನಲ್ಲಿ ವಾದಿಸದೆ, ಒಂದು ದಿನ ನೇರವಾಗಿ ಹೋಗಿ ಕೂತು ಹೇಳಿದೆ. ಸಂಜೆ ಆರಕ್ಕೆ ದಿನದ ಚಿತ್ರಗಳನ್ನೆಲ್ಲ ಒಟ್ಟಿಗೆ ಕಳಿಸಿದರೆ ಸಾಕು ಎಂದು ಒಪ್ಪಿಕೊಂಡರು. ಎದುರು ಕೂತು ಹೇಳಿದರೆ ಕೇಳುವವರೇ ಹೆಚ್ಚು.

ದಾಖಲೆಯ ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ. ಗುಂಪು ದಾಖಲೆ ಪುಸ್ತಕವಲ್ಲ. ಮೊಬೈಲ್ ನೀರಿಗೆ ಬೀಳುತ್ತದೆ, ಜನ ವರ್ಗವಾಗಿ ಹೋಗುತ್ತಾರೆ, ಸಂದೇಶ ಅಳಿಸಿಹೋಗುತ್ತದೆ. 2017ರಿಂದ ಎಲ್ಲರ ಪರದೆಯಿಂದಲೂ ಅಳಿಸುವ ಅನುಕೂಲ ಬಂದಿದೆ, 2023ರಿಂದ ಹದಿನೈದು ನಿಮಿಷದವರೆಗೆ ತಿದ್ದಲೂಬಹುದು. ನಮ್ಮ ಗುಂಪಿನಲ್ಲಿ ಎರಡನ್ನೂ ಮಾಡಬಾರದು ಎಂದಿದೆ. ಟಿಸಿ ನಂಬರು ತಪ್ಪಾದರೆ ಹೊಸ ಸಂದೇಶ ಹಾಕಿ ‘ಮೇಲಿನದು ತಪ್ಪು, ಇದು ಸರಿ’ ಎನ್ನಬೇಕು. ಮೊದಲನೆಯದನ್ನು ಓದಿ ಹೊರಟುಬಿಟ್ಟವರಿಗೆ ತಿದ್ದುಪಡಿ ಕಾಣುವುದಿಲ್ಲ, ಹೊಸ ಸಂದೇಶದ ಸದ್ದಾದರೂ ಕೇಳುತ್ತದೆ. ಪ್ರತಿ ಸಂಜೆ ಆ ದಿನದ ‘ಮುಗಿಯಿತು’ಗಳನ್ನೆಲ್ಲ ಕಚೇರಿಯ ಪುಸ್ತಕಕ್ಕೆ ಇಳಿಸುತ್ತೇವೆ. ಹತ್ತು ನಿಮಿಷದ ಕೆಲಸ.

ಮೇಸ್ತ್ರಿ ನಿವೃತ್ತರಾಗಿ ಎರಡು ವರ್ಷವಾಯಿತು. ಗುಂಪಿನಿಂದ ಅವರನ್ನು ತೆಗೆಯಬೇಕಾದ ದಿನ ನನಗೆ ಬೆರಳು ಬರಲಿಲ್ಲ, ಅವರೇ ಹೊರಗೆ ಹೋದರು. ಹೋಗುವ ಮುಂಚೆ ಹಾಕಿದ ಕೊನೆಯ ಸಂದೇಶ ‘ಮುಗಿಯಿತು’, ಕೆಳಗೆ ತಮ್ಮ ಸೇವೆಯ ಒಟ್ಟು ವರ್ಷಗಳ ಸಂಖ್ಯೆ.

ಕಳೆದ ಮಳೆಗಾಲದಲ್ಲಿ ಹೊಸ ಹುಡುಗನೊಬ್ಬ ಸೇರಿದ. ಸೇರಿದ ಮೂರನೆಯ ದಿನ ರಾತ್ರಿ ಎಂಟೂವರೆಗೆ, ಹಳ್ಳದಾಚೆಯ ಟಿಸಿಯ ಫ್ಯೂಸ್ ನೋಡಿ ಬರಲು ಗುಂಪಿನಲ್ಲಿ ಹಾಕಿದೆ. ‘ಆಯಿತು ಮೇಡಂ’ ಎಂದು ಬಂತು. ನಾನು ಬರೆಯಲು ಬೆರಳಿಡುವಷ್ಟರಲ್ಲಿ 2019ರ ಆ ಸಂಜೆ ಕಂಬದ ಕೆಳಗೆ ಮೊಬೈಲ್ ಹಿಡಿದು ನಿಂತಿದ್ದ ಅದೇ ಹುಡುಗ, ಈಗ ಮದುವೆಯಾಗಿ ಮಗುವಿನ ತಂದೆ, ಅದರ ಕೆಳಗೆ ಕೇಳಿಯಾಗಿತ್ತು: ‘ಯಾವ ಆಯಿತು?’

ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂತು: ‘ಹೊರಟೆ. ಹಳ್ಳ ತುಂಬಿದೆ, ಸೇತುವೆ ಸುತ್ತಿ ಹೋಗುತ್ತೇನೆ. ಜೊತೆಗೆ ಒಬ್ಬರಿದ್ದಾರೆ.’